ಭಾನುವಾರದ ಬೈಗುಳ

ಪಂಕಜಾಕ್ಷಿಯಕ್ಕನಿಗೆ,

ಮಿಕ್ಸಿಯಲ್ಲಿ ಕಲ್ಲು ಸಿಕ್ಕಿದ ಹಾಗೆ ಎಂದಿದ್ದಿರೋ, ಗ್ರೈಂಡರಿನಲ್ಲಿ ಎಂದಿದ್ದಿರೋ, ಈಗ ಸರಿಯಾಗಿ ನೆನಪಿಲ್ಲ. ನಮ್ಮ ಸಮುದಾಯ ರೇಡಿಯೋದಲ್ಲಿ ನಾನು ಹಾಕುವ, ರಾಗ ತಾಳವಿಲ್ಲದೆ ಬರೀ ಸದ್ದುಗಳಿಂದಲೇ ಕಟ್ಟಿದ ಹೊಸ ಬಗೆಯ ಸಂಗೀತ ಕೇಳಿ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದವರು ನೀವೊಬ್ಬರೇ. “ಇದೆಂತದು ಮಾರಾಯ್ರೆ, ಇದರಲ್ಲಿ ಹಾಡು ಎಲ್ಲುಂಟು?” ಎಂದು ಬೈಯುತ್ತಿದ್ದಿರಿ.

ನೀವು ತೀರಿಕೊಂಡದ್ದನ್ನು ನಿಮ್ಮ ಮಗಳು ಅನ್ವಿತಾ ತಿಳಿಸಿದಳು. ನಿಮ್ಮ ರೇಡಿಯೋದ ಮುಳ್ಳು ನಮ್ಮ ಸ್ಟೇಷನಿನಲ್ಲೇ ನಿಂತಿದೆಯಂತೆ. ಬ್ಯಾಟರಿ ತೆಗೆದಿಡು, ಸೋರುತ್ತದೆ ಎಂದೆ.

ನೀವು ಹೋದ ಮೇಲೆ ಯಾರೂ ಫೋನ್ ಮಾಡದ ಕಾರಣ ಮುಂದಿನ ವಾರದಿಂದ ಆ ಹೊತ್ತಿಗೆ ಸಿನಿಮಾ ಹಾಡು. ಕೊನೆಯ ಕಾರ್ಯಕ್ರಮಕ್ಕೆ, ಸೀತಾಂಗೋಳಿಯಲ್ಲಿ ನೀವು ದುಡಿಯುತ್ತಿದ್ದ ಅಡಿಕೆ ಹಾಳೆಯ ತಟ್ಟೆ ಒತ್ತುವ ಯಂತ್ರದ ಸದ್ದನ್ನು ರೆಕಾರ್ಡ್ ಮಾಡಿ ತಂದು ಹಾಕಿದೆ. ಫೋನಿನ ಪಕ್ಕದಲ್ಲೇ ಕುಳಿತು ಪೂರ್ತಿ ಕೇಳಿದೆ. ನನಗೂ ಗೊತ್ತಾಗಲಿಲ್ಲ.

ಅದರಲ್ಲಿ ಹಾಡು ಎಲ್ಲುಂಟು, ಅಕ್ಕ?

ಇತಿ,
ವೆಂಕಟಕೃಷ್ಣ