ನನ್ನ ಪರದೆಯ ಮೇಲೆ ಮಗಳ ವಿಳಾಸ

ನಗರಸಭೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರೇ,

ರಜೆಯಲ್ಲಿದ್ದೀರಂತೆ. ಸರೋವರದ ದಂಡೆಯಲ್ಲಿ ಕೂತೇ ಓದಿ. ನಿಮ್ಮ ಯಂತ್ರ ನನ್ನ ಮಗಳ ಗುಟ್ಟಿನ ವಿಳಾಸವನ್ನು ಕಂಡಕಂಡವರಿಗೆ ತೋರಿಸುತ್ತಿದೆ.

ಗಂಡನ ಹೊಡೆತ ತಾಳದೆ ಅವಳು ಮನೆ ಬಿಟ್ಟಾಗ ಸರ್ಕಾರವೇ ಅವಳ ವಿಳಾಸ ಮುಚ್ಚಿಟ್ಟಿತು. ನನಗೂ ಹೇಳಲಿಲ್ಲ ಅವಳು. "ಅಮ್ಮಾ, ನಿನಗೆ ಗೊತ್ತೇ ಇಲ್ಲದಿದ್ರೆ ಅವನು ಹೇಗೆ ಬಾಯಿ ಬಿಡಿಸ್ತಾನೆ?" ಅಂದಳು. ಅವನೋ, ಪ್ರತಿ ಶನಿವಾರ ಬೆಳಿಗ್ಗೆ ಹೊಗೆಯಲ್ಲಿ ಬೇಯಿಸಿದ ಮೀನು ಹಿಡಿದು ಬಾಗಿಲು ಬಡಿಯುತ್ತಾನೆ. "ಅತ್ತೇ, ಒಂದೇ ಒಂದ್ಸಲ ಮಾತಾಡ್ತೀನಿ, ಎಲ್ಲಿದ್ದಾಳೆ ಹೇಳಿ." "ಮೀನು ಬೆಕ್ಕಿಗೆ ಹಾಕು, ಹೋಗು!" ಅನ್ನುತ್ತೇನೆ.

ಸೋಮವಾರ ಗ್ರಂಥಾಲಯದಲ್ಲಿರುವ ನಿಮ್ಮ ಯಂತ್ರದಲ್ಲಿ ಕಣ್ಣಿನ ಡಾಕ್ಟರ ಸಮಯ ಕೇಳಿದೆ. ಸಮಯ ಬಂತು. ಅದರ ಕೆಳಗೆ ಒಂದಿಷ್ಟು ಅಕ್ಷರದ ಕಸ. ಕಸದ ನಡುವೆ ಮಗಳ ಹೆಸರು, ಬೀದಿ, ಮನೆ ನಂಬರು! ಎರಡೂ ಅಂಗೈಯಿಂದ ಪರದೆ ಮುಚ್ಚಿಕೊಂಡು, ಯಂತ್ರ ನೋಡಿಕೊಳ್ಳುವ ವಿಲ್ಯಾಮಿಯನ್ನು ಕೂಗಿದೆ.

"ಕರ್ನೆಲ್‌ನಲ್ಲಿ ತೂತು, ಅಮ್ಮ," ಅಂದ. "ಅದು ಕಂಪ್ಯೂಟರಿನ ಮೇಸ್ತ್ರಿ ಇದ್ದ ಹಾಗೆ. ಒಬ್ಬರ ಕೆಲಸ ಮುಗಿದ ಮೇಲೆ ಆ ಮೆಮೊರಿ ಜಾಗಾನ ಇನ್ನೊಬ್ಬರಿಗೆ ಕೊಡುತ್ತೆ. ಕೊಡೋ ಮುಂಚೆ ಅಳಿಸ್ಬೇಕು, ಅಳಿಸ್ತಿಲ್ಲ. ಕಚೇರಿಯವರು ಟೈಪ್ ಮಾಡಿದ್ದು ಇಲ್ಲಿ ಬಂದು ಬೀಳ್ತಿದೆ."

"ಯಾರ ಕಣ್ಣಿಗೆ?"

"ಯಾರು ಕೂತ್ರೆ ಅವರ ಕಣ್ಣಿಗೆ."

"ರಿಪೇರಿ ಮಾಡೋ ಮತ್ತೆ!"

"ರಿಪೇರಿ ಮಾಡೋ ತಂತ್ರಾಂಶ ಬಂದು ಬಿದ್ದಿದೆ. ಹಾಕೋಕೆ ಸಾಹೇಬರ ಒಪ್ಪಿಗೆ ಬೇಕು. ಅವರು ಬರೋದು ಆಗಸ್ಟಿಗೆ."

ನಾನು ಶಾಲೆ ಬೇಗ ಬಿಟ್ಟವಳು, ಸ್ವಾಮಿ. ಆದರೂ ನಮ್ಮ ಕಟ್ಟಡದವರೆಲ್ಲರ ಸೌನಾ ಹಬೆಕೋಣೆಯಲ್ಲಿ ಬೆವರಿ ಎದ್ದ ಮೇಲೆ ಕೂತ ಹಲಗೆಗೆ ನೀರು ಹೊಯ್ದು, ಉಜ್ಜಿ, ಆಮೇಲೆ ಮುಂದಿನ ಸರದಿಯವರಿಗೆ ಬಿಡುತ್ತೇನೆ. ಮೂಗು ಸೋರುವ ಮಕ್ಕಳಿಗೂ ಗೊತ್ತಿರುವ ಮರ್ಯಾದೆ ಅದು. ಒಬ್ಬರ ಬೆವರಿನ ಮೇಲೆ ಇನ್ನೊಬ್ಬರನ್ನು ಕೂರಿಸುವ ತಾವು 'ಸುರಕ್ಷಿತ ಸೇವೆ' ಎಂದು ಗೋಡೆಗೆ ಬರೆಸಿದ್ದೀರಲ್ಲ, ನಾಚಿಕೆಯಾಗಲಿಲ್ಲವೇ? ಜುಲೈ ನಮ್ಮ ಬೇಸಿಗೆ, ಇಡೀ ದೇಶಕ್ಕೆ ರಜೆ, ಒಪ್ಪಿದೆ. ಮಗಳ ಗಂಡನಿಗೂ ರಜೆಯೇ. ಆ ರಜೆಯಲ್ಲಿ ಅವನು ಏನು ಹುಡುಕುತ್ತಾನೆಂದು ಯೋಚಿಸಿದ್ದೀರಾ?

ಪೊಲೀಸರಿಗೆ ಹೇಳಿದ್ದೇನೆ. ಮಗಳಿಗೆ ಬೇರೆ ಮನೆ ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ. ನಿಮಗೆ ಬರೆದರೆ 'ರಜೆಯಲ್ಲಿದ್ದಾರೆ' ಎಂದು ಯಂತ್ರವೇ ಉತ್ತರಿಸುತ್ತದೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಗುರುವಾರ ಗ್ರಂಥಾಲಯದ ಗಾಜಿನಾಚೆಯಿಂದ ನೋಡಿದೆ. ಅದೇ ಕುರ್ಚಿಯಲ್ಲಿ ಅವನು ಕೂತಿದ್ದ, ಪರದೆಗೆ ಮೂಗು ತಾಗುವಷ್ಟು ಬಾಗಿಕೊಂಡು.

ಆ ಯಂತ್ರಗಳನ್ನು ಇಂದೇ ನಿಲ್ಲಿಸಿ. ಆಗಸ್ಟ್ ಬೇಡ, ಸಮಿತಿ ಬೇಡ. ವಿಲ್ಯಾಮಿಗೆ ಫೋನು ಮಾಡಿ 'ಹಾಕು' ಅನ್ನಿ, ಸಾಕು.

ಇವತ್ತು ಶನಿವಾರ. ಸಂಜೆಯಾಗುತ್ತ ಬಂತು. ಅವನು ಮೀನು ತಂದಿಲ್ಲ.

ಇಂತಿ,
ಬೈದು ಓಡಿಸುತ್ತಿದ್ದವನೇ ಬಂದು ಬಾಗಿಲು ಬಡಿಯಲಿ ಎಂದು ಕಾದು ಕೂತಿರುವ, ಹೆಸರು ಹಾಕಲಾಗದ ಒಬ್ಬ ತಾಯಿ