ಮಸೀರ ಅಂದದ್ದು ಮೈಸೂರು ಅಂತ ಕೇಳಿಸಿದ್ದಕ್ಕೆ

ಪ್ರೀತಿಯ ಮೈಸೂರಜ್ಜನಿಗೆ,

ಮುಖ ಗಂಟಿಕ್ಕಬೇಡಿ. ಆ ಹೆಸರಿನಿಂದ ನಿಮ್ಮನ್ನು ಕರೆಯುವುದು ಇದೇ ಕೊನೆ. ಪತ್ರ ಮುಗಿಯುವಷ್ಟರಲ್ಲಿ ನಾನೇ ಅದನ್ನು ಹೊಡೆದು ಹಾಕುತ್ತೇನೆ. ಇಟ್ಟವಳೂ ನಾನೇ ತಾನೇ?

ನೆನಪಿದೆಯಾ, ಚಾವಡಿಯಲ್ಲಿ ಕೂತು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ನೀವು ಯುದ್ಧದ ಕಥೆ ಶುರು ಮಾಡುತ್ತಿದ್ದದ್ದು? ಮಂಗಳೂರಿನ ಹೋಟೆಲಿನಲ್ಲಿ ಅಡುಗೆಗಿದ್ದ ನಿಮ್ಮನ್ನು ಬ್ರಿಟಿಷರು ಹಡಗು ಹತ್ತಿಸಿ 'ಮಯ್ಸೀರ'ಕ್ಕೆ ಕಳಿಸಿದ್ದರು. ವಿಮಾನ ಇಳಿಯುವ ಬಯಲಿನ ಪಕ್ಕ ಡೇರೆ, ಡೇರೆಯಲ್ಲಿ ನಿಮ್ಮ ಒಲೆ. ಸುತ್ತ ಸಮುದ್ರ, ಮೊರದಷ್ಟು ಅಗಲದ ಆಮೆಗಳು, ಅನ್ನಕ್ಕೆ ಮರಳು ಬೆರೆಸುವ ಗಾಳಿ. ಹಲ್ಲಿಲ್ಲದ ಬಾಯಿ, ಅದರ ಮೇಲೆ ಎಲೆಯಡಿಕೆ, ನಮಗೆಲ್ಲ ಕೇಳಿಸಿದ್ದು ಮೈಸೂರು. ನೀವು ತಿದ್ದಿದಷ್ಟೂ ಮೈಸೂರೇ ಕೇಳಿಸುತ್ತಿತ್ತು. ಮೈಸೂರಿಗೆ ಹಡಗಿನಲ್ಲಿ ಹೋದ ಮನುಷ್ಯ ಜಗತ್ತಿನಲ್ಲಿ ಇವರೊಬ್ಬರೇ ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಿಮ್ಮ ಮಗಳು ಸರೋಜತ್ತೆಯಂತೂ, ಅಪ್ಪ ಕನ್ನಂಬಾಡಿ ಕಟ್ಟೆಯ ನೀರು ನೋಡಿ ಸಮುದ್ರ ಅಂದುಕೊಂಡಿದ್ದಾರೆ ಎಂದು ತೀರ್ಪು ಕೊಟ್ಟು ಮುಗಿಸಿದ್ದರು.

ಅತ್ತೆಗೆ ಗಂಡಿನ ಕಡೆಯವರು ಬಂದ ದಿನವೂ ನೀವು ಉತ್ಸಾಹದಲ್ಲಿ ಅದೇ ಕಥೆ ತೆಗೆದಿರಿ. ಹತ್ತು ವರ್ಷದ ಬಾಯಿಬಡುಕಿ ನಾನು, ಎಲ್ಲರ ಎದುರು, ಯುದ್ಧದಿಂದ ಮೈಸೂರು ಪಾಕ್ ಯಾಕೆ ತರಲಿಲ್ಲ ಮೈಸೂರಜ್ಜ ಎಂದು ಕೇಳಿಬಿಟ್ಟೆ. ಚಾವಡಿಯೇ ನಕ್ಕಿತು. ನೀವೂ ನಕ್ಕಿರಿ. ಆಮೇಲೆ ಆ ಕಥೆಯನ್ನು ನೀವು ಯಾವತ್ತೂ ಹೇಳಲಿಲ್ಲ, ಹೆಸರು ಮಾತ್ರ ಊರಲ್ಲೆಲ್ಲ ನಿಂತುಹೋಯಿತು. ನಿಮಗೆ ನೋವಾಗಿತ್ತಾ ಅಜ್ಜ? ಕೇಳಬೇಕು ಅಂದುಕೊಳ್ಳುವಷ್ಟು ಬುದ್ಧಿ ನನಗೆ ಬರುವಷ್ಟರಲ್ಲಿ ನೀವು...

ಇರಲಿ, ಖುಷಿಯ ಸುದ್ದಿ ಹೇಳಲಿಕ್ಕೆ ಕೂತವಳು ನಾನು. ಮದುವೆಯಾಗಿ ಒಮಾನಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಮಸ್ಕತ್ತಿನ ಅಲ್ ಹೈಲ್‌ನಲ್ಲಿ ಮನೆ. ಇಲ್ಲಿ ಮಸೀರ ಅಂತ ಒಂದು ದ್ವೀಪವಿದೆ. ಹವಾಮಾನದ ಸುದ್ದಿಯಲ್ಲಿ ಆ ಹೆಸರನ್ನು ಅದೆಷ್ಟು ಸಲ ಕೇಳಿದ್ದೇನೋ. ತಲೆಯಲ್ಲಿ ಮೈಸೂರು ಗಟ್ಟಿಯಾಗಿ ಕೂತಿರುವಾಗ ಮಸೀರ ಒಳಗೆ ಹೋಗುವುದು ಹೇಗೆ?

ಕಳೆದ ಈದ್ ರಜೆಯಲ್ಲಿ ಅಲ್ಲಿಗೇ ಹೊರಟೆವು. ಕಾರುಗಳನ್ನೂ ದಾಟಿಸುವ ದೊಡ್ಡ ದೋಣಿಯ ಕಟ್ಟೆಯಲ್ಲಿ ಕಾರಿನ ಸಾಲು. ಸ್ಟೇರಿಂಗ್ ಹಿಡಿದಿದ್ದ ಮಗ ಸುಜಿತ ಎರಡೆರಡು ಖರ್ಜೂರ ಬಾಯಿಗೆ ತುಂಬಿಕೊಂಡು ಎದುರಿನ ಬೋರ್ಡನ್ನು ಓದಿದ: "ಮಯ್ಸೀರ." ಅಜ್ಜ, ಅದು ನಿಮ್ಮದೇ ಧ್ವನಿ! ಇನ್ನೊಮ್ಮೆ ಹೇಳು ಅಂದೆ. ಹೇಳಿದ. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ತಿಳಿಯದೆ ಅವನು "ಮಮ್ಮಿ, ಆರ್ ಯೂ ಓಕೆ?" ಎನ್ನುತ್ತ ನೀರಿನ ಬಾಟಲಿ ಕೊಟ್ಟ.

ಆ ದ್ವೀಪದಲ್ಲಿ ನೀವು ಹೇಳಿದ್ದು ಒಂದೂ ಸುಳ್ಳಲ್ಲ. ಗಾಳಿ ಹಾಗೇ ಇದೆ, ಆಮೆಗಳಿವೆ, ವಿಮಾನದ ಬಯಲೂ ಇದೆ. ನಿಮ್ಮ ಹೆಸರು ಮಾತ್ರ ಎಲ್ಲೂ ಕಾಣಲಿಲ್ಲ. ಪಂಜಾಬಿಯಾಗಲಿ ಮದರಾಸಿಯಾಗಲಿ, ನಮ್ಮವರ ಕೈಯಲ್ಲಿ ಕೋವಿಗಿಂತ ಗುದ್ದಲಿ, ಸೌಟುಗಳೇ ಹೆಚ್ಚು ಎನ್ನುತ್ತಿದ್ದಿರಿ. ರಾಜ್ಯ ಬ್ರಿಟಿಷರದು, ಯುದ್ಧ ಅವರದು, ಗೆದ್ದ ಹೆಸರೂ ಅವರದೇ. ಹೊತ್ತು ಹೊತ್ತಿಗೆ ಅನ್ನ ಇಟ್ಟವರನ್ನು ಯಾರು ಬರೆದಿಡುತ್ತಾರೆ? ನನಗೆ ನಿಜಕ್ಕೂ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಚಹಾದಂಗಡಿಯಲ್ಲಿ ಕೂತಿದ್ದಾಗ ಪಕ್ಕದಲ್ಲಿದ್ದ ಮುದುಕರೊಬ್ಬರು ಮಾತಿಗೆ ಸಿಕ್ಕಿದರು. ಮೀನುಗಾರರು, ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ನಿಮ್ಮ ಕಥೆ ಹೇಳಿದೆ. ಅವರ ತಂದೆ ಚಿಕ್ಕವರಿದ್ದಾಗ ಆ ಡೇರೆಗಳ ಹತ್ತಿರ ಆಡಲು ಹೋಗುತ್ತಿದ್ದರಂತೆ. ಅಲ್ಲಿ ಹಿಂದೂಸ್ಥಾನದ ಅಡುಗೆಯವನೊಬ್ಬ ಮಕ್ಕಳನ್ನು ಕೂಗಿ ಕರೆದು ರೊಟ್ಟಿ ಕೊಡುತ್ತಿದ್ದನಂತೆ. ಏನೆಂದು ಕರೆಯುತ್ತಿದ್ದ ಅಂತ ಕೇಳಿದೆ.

"ಬಲೆ, ಬಲೆ," ಅಂದರು ಮುದುಕರು. "ನನ್ನ ತಂದೆ ನಮ್ಮನ್ನೂ ಊಟಕ್ಕೆ ಹಾಗೇ ಕರೆಯುತ್ತಿದ್ದರು. ಯಾವ ಭಾಷೆಯೋ ಗೊತ್ತಿಲ್ಲ."

ನಮ್ಮ ತುಳುವಿನ 'ಬನ್ನಿ', ಅಜ್ಜ! ಕರೆದವರು ನೀವೋ, ನಿಮ್ಮ ಜೊತೆಗಿದ್ದ ಇನ್ನೊಬ್ಬ ತುಳುವನೋ? ನಾನು ಹೆಚ್ಚು ವಿಚಾರಿಸಲು ಹೋಗಲಿಲ್ಲ. ನನ್ನ ಮಟ್ಟಿಗೆ ಅದು ನೀವೇ. ಮುದುಕರಿಗೆ ಅರ್ಥ ಹೇಳಿದೆ. ಅವರು ನಕ್ಕು, ಬಲೆ, ಬಲೆ ಎನ್ನುತ್ತ ನಮ್ಮನ್ನು ಮನೆಗೇ ಊಟಕ್ಕೆ ಕರೆದುಕೊಂಡು ಹೋದರು.

ವಾಪಸು ಬರುವಾಗ ದೋಣಿಯಿಂದ ಸರೋಜತ್ತೆಗೆ ವೀಡಿಯೊ ಕಾಲ್ ಮಾಡಿದೆ. ಅಂದು ಚಾವಡಿಯಲ್ಲಿ ನಕ್ಕ ಹಿರಿಯರಲ್ಲಿ ಉಳಿದಿರುವುದು ಕನ್ನಂಬಾಡಿ ತೀರ್ಪು ಕೊಟ್ಟ ಅವರೊಬ್ಬರೇ. ಎಲ್ಲ ಕೇಳಿ, "ಹಾಗಾದ್ರೆ ಸಮುದ್ರ ತೋರಿಸು, ನೋಡುವ," ಅಂದರು. ನಾನು ಫೋನ್ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿದೆ.

"ಸಾಕು ಮಾರಾಯ್ತಿ, ತಲೆ ತಿರುಗ್ತದೆ. ಕನ್ನಂಬಾಡಿಯಲ್ಲಿ ಇಷ್ಟು ನೀರಿಲ್ಲ."

ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಹೇಳಿದ್ದೇ ಸರಿ ಅಂದರು. ನೀವು ಕೇಳದೇ ಹೋದ ಸುದ್ದಿ ಇದೇ ಅಜ್ಜ. ನಿಮ್ಮ ಮಗಳು ಸೋಲೊಪ್ಪಿಕೊಂಡಿದ್ದಾರೆ.

ಈ ವರ್ಷ ಹಿರಿಯರಿಗೆ ಬಡಿಸುವ ದಿನ ಅಲ್ ಹೈಲ್‌ನ ಈ ಫ್ಲಾಟಿನಲ್ಲೇ ನಿಮಗೊಂದು ಎಲೆ ಹಾಕುತ್ತೇನೆ. ಕೋರಿ ರೊಟ್ಟಿ ಮಾಡುತ್ತೇನೆ, ಮರಳಿರುವುದಿಲ್ಲ. 'ಮಸೀರದಜ್ಜ, ಬಲೆ' ಎಂದು ಕರೆಯುವವನು ಸುಜಿತ. ಅವನಿಗೆ ಬರುವ ತುಳು ಅಷ್ಟೇ. ಬಾಯಲ್ಲಿ ಎರಡು ಖರ್ಜೂರ ಇಟ್ಟುಕೊಂಡೇ ಕರೆಯಬೇಕು ಅಂತ ಹೇಳಿದ್ದೇನೆ. ಆಗ ನಿಮಗೆ ಸರಿಯಾಗಿ ಕೇಳಿಸುತ್ತದೆ.

ನಿಮ್ಮ ಬಾಯಿಬಡುಕಿ ಮೊಮ್ಮಗಳು