ಹಿಮಮೀನಿನ ರಕ್ತ

ಹೆಡ್‌ಮಾಸ್ತರ್ ಸರ್ ಅವರಿಗೆ,

ಒಂಬತ್ತನೇ ತರಗತಿಯ ಸುಜಾತಾ ಅಂಬಪ್ಪ ಮಾಡುವ ನಮಸ್ಕಾರ.

ನಿನ್ನೆ ಮಸ್ಕಿಯ ವಿಜ್ಞಾನ ಪ್ರದರ್ಶನದಲ್ಲಿ ಬಂದ ಮೊದಲ ಬಹುಮಾನ ನನ್ನ ಮೀನಿಗೆ ಬಂದದ್ದಲ್ಲ, ನಿಮ್ಮ ಕುಂಕುಮಕ್ಕೆ ಬಂದದ್ದು.

ನಾನು ಮಾಡಿದ್ದು ದಕ್ಷಿಣ ಧ್ರುವದ ಹಿಮಮೀನಿನ ಮಾದರಿ. ಅಷ್ಟು ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ. ಹಾಗಾಗಿ ಆ ಮೀನು ರಕ್ತವನ್ನು ಕೆಂಪಾಗಿಸುವ ಹಿಮೋಗ್ಲೋಬಿನ್ ಇಲ್ಲದೆಯೇ ಬದುಕುತ್ತದೆ. ಅದಕ್ಕೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಮೇಲೆ ‘ರಕ್ತ’ ಎಂದು ಚೀಟಿ ಅಂಟಿಸಿದ್ದೆ.

ಉದ್ಘಾಟನೆಗೆ ಮುಂಚೆ ಎಲ್ಲ ಮಾದರಿಗಳಿಗೂ ಪೂಜೆ ಮಾಡುತ್ತ ಬಂದ ನೀವು, ತಟ್ಟೆಯಲ್ಲಿದ್ದ ಕುಂಕುಮವನ್ನು ಆ ಬಾಟಲಿಗೇ ಸುರಿದಿರಿ. “ರಗತ ಕೆಂಪಿರಬೇಕವ್ವಾ. ಬರೇ ನೀರಿಟ್ರ ಯಾರು ನಂಬ್ತಾರ?” ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ತೀರ್ಪುಗಾರರು ಬಂದರು. “ರಗತ ಅಗದೀ ಖರೇದ್ರಂಗ ಕಾಣ್ತದ” ಎಂದು ಅಂಕ ಹಾಕಿ ಹೋದರು. ಎರಡು ವಾರ ಕೂತು ಬರೆದ ಚಾರ್ಟನ್ನು ಯಾರೂ ಓದಲಿಲ್ಲ.

ಸೋಮವಾರ ಇದೇ ಮೀನನ್ನು ಮುಂದಿನ ಸುತ್ತಿನ ಪ್ರದರ್ಶನಕ್ಕೆ ಸಿಂಧನೂರಿಗೆ ಒಯ್ಯಬೇಕು. ಎಷ್ಟು ತಿಕ್ಕಿದರೂ ಬಾಟಲಿಯ ಕೆಂಪು ಹೋಗುತ್ತಿಲ್ಲ. ದಯವಿಟ್ಟು ಹೊಸದೊಂದು ಬಾಟಲಿ ಕೊಡಿಸಿರಿ. ನೀರು ನಾನೇ ತುಂಬುತ್ತೇನೆ. ಅಲ್ಲಿಯೂ ಪೂಜೆ ಮಾಡಿರಿ ಸರ್, ಬೇಡ ಎನ್ನುವುದಿಲ್ಲ. ಮುಚ್ಚಳ ಮಾತ್ರ ತೆಗೆಯಬೇಡಿರಿ.

ನಿಮ್ಮ ವಿದ್ಯಾರ್ಥಿನಿ,
ಸುಜಾತಾ
ಜವಳಗೇರಾ